ದೇವರು ಮೊದಲು ಅಂದರೆ ಅತ್ತೆ ಆಮೇಲಾ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಗಂಡ ಗಲ್ಫಿನಲ್ಲಿದ್ದಾರೆ. ಇಗರ್ಜಿಯ ಭಾನುವಾರದ ಪೂಜೆಗೆ ಹೋಗಲು ತಿಂಗಳಿಗೆ ಒಂದು ಸಲವೂ ಆಗುವುದಿಲ್ಲ. ದೇವರನ್ನು ಎಲ್ಲಕ್ಕಿಂತ ಜಾಸ್ತಿ ಪ್ರೀತಿಸಬೇಕು ಎಂದು ದೊತೊರ್ನಿಯಲ್ಲಿ (ಮಕ್ಕಳ ಧರ್ಮಬೋಧೆಯ ತರಗತಿಯಲ್ಲಿ) ಕಲಿತವಳು ನಾನು. ತಂದೆತಾಯಿಯನ್ನು ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಎಂದು ಬೈಬಲಿನಲ್ಲೂ ಇದೆಯಲ್ಲ. ಹಾಗಾದರೆ ನಾನು ಮಾಡುತ್ತಿರುವುದು ತಪ್ಪಾ?

ಉತ್ತರ: ತಪ್ಪಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ದದ ಉತ್ತರ ಓದಲು ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ.

ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಸಣ್ಣ ಮಗು ಇರುವ ತಾಯಂದಿರು ಕೇಳುತ್ತಾರೆ, ರಾತ್ರಿ ಪಾಳಿಯ ನರ್ಸುಗಳು ಕೇಳುತ್ತಾರೆ. ಎಲ್ಲರ ಮನಸ್ಸಿನಲ್ಲೂ ಒಂದು ತಕ್ಕಡಿ ಇರುತ್ತದೆ. ಒಂದು ತಟ್ಟೆಯಲ್ಲಿ ದೇವರು, ಇನ್ನೊಂದರಲ್ಲಿ ಮನೆಯವರು. ಈ ಕಡೆ ಭಾರವಾದರೆ ಆ ಕಡೆ ಮೇಲಕ್ಕೆ ಹೋಯಿತು ಎಂಬ ಲೆಕ್ಕ. ನನ್ನ ಪ್ರಕಾರ ತೊಂದರೆ ಇರುವುದು ಆ ತಕ್ಕಡಿಯಲ್ಲೇ.

ಮೊದಲು ಆ ‘ಹಗೆ’ಯ ಮಾತು. ಅದು ಲೂಕನ ಸುವಾರ್ತೆ 14ನೇ ಅಧ್ಯಾಯದ 26ನೇ ವಚನ. ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಯೇಸು ಬೆಳೆದ ಜನರ ಮಾತಿನ ರೀತಿಯೇ ಬೇರೆ. ಆದಿಕಾಂಡದ 29ನೇ ಅಧ್ಯಾಯ ತೆಗೆದು ನೋಡಿ. ಯಾಕೋಬನು ತನ್ನ ಇಬ್ಬರು ಹೆಂಡತಿಯರಲ್ಲಿ ಲೇಯಳಿಗಿಂತ ರಾಹೇಲಳನ್ನು ಹೆಚ್ಚು ಪ್ರೀತಿಸಿದ ಎಂದು 30ನೇ ವಚನ ಹೇಳುತ್ತದೆ. ಅದರ ಮರುವಚನದಲ್ಲೇ ಮೂಲ ಹೀಬ್ರೂ ಭಾಷೆ ಲೇಯಳನ್ನು ‘ಹಗೆಗೆ ಒಳಗಾದವಳು’ ಎಂದು ಕರೆಯುತ್ತದೆ. ಯಾಕೋಬನಿಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಎರಡನೇ ಜಾಗ, ಅಷ್ಟೇ. ಮತ್ತಾಯನು ಇದೇ ಮಾತನ್ನು 10ನೇ ಅಧ್ಯಾಯದ 37ನೇ ವಚನದಲ್ಲಿ ಬಿಡಿಸಿ ಬರೆದಿದ್ದಾನೆ: ನನಗಿಂತ ಹೆಚ್ಚಾಗಿ ತಂದೆಯನ್ನಾಗಲಿ ತಾಯಿಯನ್ನಾಗಲಿ ಪ್ರೀತಿಸುವವನು ನನಗೆ ತಕ್ಕವನಲ್ಲ ಎಂದು. ಇಲ್ಲಿ ಹಗೆಯ ಸುದ್ದಿಯೇ ಇಲ್ಲ.

ಗಡಿಯ ಈ ಕಡೆ, ಕಾಸರಗೋಡಿನಲ್ಲಿ ಇರುವ ನಮಗೆ ಶಬ್ದಗಳ ಈ ಆಟ ಹೊಸದಲ್ಲ. ಮನೆಯಲ್ಲಿ ಕೊಂಕಣಿಯ ಮೋಗ್, ಅಂಗಳ ದಾಟಿದರೆ ತುಳುವಿನ ಮೋಕೆ, ಶಾಲೆಯಲ್ಲಿ ಕನ್ನಡದ ಪ್ರೀತಿ. ಬಸ್ಸು ಹತ್ತಿ ತೆಂಕಲಿಗೆ ಹೋದರೆ ಮಲಯಾಳಿಗರು ದೇವರ ಪ್ರೀತಿಯನ್ನೇ ‘ಸ್ನೇಹಂ’ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಬರೀ ಗೆಳೆತನ. ಒಂದು ಭಾಷೆಯ ಶಬ್ದವನ್ನು ಇನ್ನೊಂದು ಭಾಷೆಯ ಕಿವಿಯಿಂದ ಕೇಳಿದರೆ ಹೀಗೇ ಆಗುವುದು.

ಇನ್ನು ‘ಎಲ್ಲಕ್ಕಿಂತ ಜಾಸ್ತಿ’ ಅನ್ನುವ ಕಟ್ಟಳೆ. ಇದರ ಬೇರು ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ. ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಬೇಕು ಎಂದು. ‘ಶಕ್ತಿ’ ಎಂದು ನಾವು ಓದುವ ಕಡೆ ಹೀಬ್ರೂವಿನಲ್ಲಿ ಇರುವುದು ‘ಮೆಓದ್’. ಸುಮ್ನೆ ‘ತುಂಬಾ’ ಎಂದರ್ಥ. ಹಳೆಯ ಯೆಹೂದಿ ಗುರುಗಳು ಅದಕ್ಕೆ ‘ನಿನ್ನ ದುಡ್ಡೆಲ್ಲದರಿಂದ’ ಎಂದೂ ಅರ್ಥ ಹೇಳಿದ್ದಾರೆ. ಅಂದರೆ ಅದು ಕಣ್ಣು ಮುಚ್ಚಿ ಕೂತಾಗ ಎದೆಯಲ್ಲಿ ಏಳುವ ಭಾವನೆ ಮಾತ್ರ ಅಲ್ಲ. ಅಡಿಕೆ ಮಾರಿ ಬಂದ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಅದರಲ್ಲಿ ಸೇರಿದೆ. ಯಾವ ಆಜ್ಞೆ ಮೊದಲನೆಯದು ಎಂದು ಶಾಸ್ತ್ರಿಯೊಬ್ಬ ಕೇಳಿದ್ದು ಒಂದೇ ಆಜ್ಞೆಯನ್ನು. ಯೇಸು ಈ ಮಾತು ಹೇಳಿ, ನಿಲ್ಲಿಸದೆ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದನ್ನೂ ಅದಕ್ಕೆ ಸೇರಿಸಿಬಿಟ್ಟರು. ಕೇಳಿದ್ದು ಒಂದು, ಸಿಕ್ಕಿದ್ದು ಎರಡು.

ದೇವರ ಹೆಸರು ಹೇಳಿ ಮನೆಯವರನ್ನು ಕೈಬಿಡುವವರು ಆ ಕಾಲದಲ್ಲೂ ಇದ್ದರು. ಮಾರ್ಕನ 7ನೇ ಅಧ್ಯಾಯದಲ್ಲಿ ‘ಕೊರ್ಬಾನ್’ ಎಂಬ ಮಾತು ಬರುತ್ತದೆ. ದೇವರಿಗೆ ಮುಡಿಪು ಎಂದರ್ಥ. ನನ್ನ ಆಸ್ತಿ ಕೊರ್ಬಾನ್ ಅಂದುಬಿಟ್ಟರೆ ಆಯಿತು, ವಯಸ್ಸಾದ ಅಪ್ಪ ಅಮ್ಮನಿಗೆ ಅದರಿಂದ ಏನೂ ಕೊಡಬೇಕಾಗಿರಲಿಲ್ಲ. ಯೇಸು ಇದನ್ನು ಕಟುವಾಗಿ ಬೈದರು. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ಇಲ್ಲದಂತೆ ಮಾಡುತ್ತೀರಿ ಅಂದರು. ಮನೆಯ ಮುದುಕರನ್ನು ನೋಡದೆ ಇಗರ್ಜಿಯ ಮೊದಲ ಬೆಂಚಿನಲ್ಲಿ ಕೂರುವವರಿಗೆ ಈ ಅಧ್ಯಾಯ ಓದಲು ಕೊಡಬೇಕು. (ಯಾರ ಹೆಸರೂ ಹೇಳುವುದಿಲ್ಲ, ಬಿಡಿ.)

ನಿಮಗೆ ಬೇಕಾದ ಉತ್ತರ ಇರುವುದು ಮಾರ್ಕನ 1ನೇ ಅಧ್ಯಾಯದಲ್ಲಿ. ಮೀನುಗಾರರಾದ ಸೀಮೋನ ಮತ್ತು ಅಂದ್ರೆಯ ಬಲೆ ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಇನ್ನಿಬ್ಬರು, ಯಾಕೋಬ (ಲೇಯಳ ಗಂಡ ಅಲ್ಲ, ಬೇರೆ) ಮತ್ತು ಯೋಹಾನ, ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೋಗುತ್ತಾರೆ. ‘ಎಲ್ಲಾ ಬಿಟ್ಟು ಬಾ’ ಅನ್ನುವುದಕ್ಕೆ ಉಪದೇಶಿಗಳು ಎತ್ತಿ ತೋರಿಸುವುದು ಇದನ್ನೇ. ಆದರೆ ಜೆಬೆದಾಯನ ಜೊತೆ ಕೂಲಿಯಾಳುಗಳೂ ಇದ್ದರು ಎಂದು ಮಾರ್ಕ ಮರೆಯದೆ ಬರೆದಿದ್ದಾನೆ. ಮುದುಕನನ್ನು ಒಂಟಿ ಮಾಡಿ ಹೋಗಲಿಲ್ಲ. ಮುಂದೆ ಓದಿ. ಸಬ್ಬತ್ ದಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನ, ಎಲ್ಲರೂ ಸಭಾಮಂದಿರಕ್ಕೆ ಹೋಗುತ್ತಾರೆ. ಅಲ್ಲಿಂದ ಹೊರಟವರು ನೇರ ಹೋದದ್ದು ಸೀಮೋನನ ಮನೆಗೆ. ಅಲ್ಲಿ ಯಾರು ಮಲಗಿದ್ದರು ಗೊತ್ತಾ? ಸೀಮೋನನ ಅತ್ತೆ, ಜ್ವರ ಬಂದು. ಯೇಸು ಹತ್ತಿರ ಹೋಗಿ ಅವಳ ಕೈ ಹಿಡಿದು ಎಬ್ಬಿಸಿದರು. ಬಲೆ ಬಿಟ್ಟದ್ದು 18ನೇ ವಚನದಲ್ಲಿ, ಅತ್ತೆ ಬರುವುದು 30ರಲ್ಲಿ. ಹನ್ನೆರಡು ವಚನ ಕಳೆಯುವುದರೊಳಗೆ ‘ಎಲ್ಲಾ ಬಿಟ್ಟ’ ಸೀಮೋನ ಯೇಸುವನ್ನು ಕರೆದುಕೊಂಡು ಅತ್ತೆಯ ಹಾಸಿಗೆಯ ಹತ್ತಿರ ನಿಂತಿದ್ದ.

ಹಾಗಂತ ಮನೆಯವರನ್ನು ನೋಡಿಕೊಂಡರೆ ಸಾಕು, ಬೇರೇನೂ ಬೇಡ ಎಂದೂ ಅಲ್ಲ. ಲೂಕನ ಆ ಮಾತಿಗೆ ಹಲ್ಲು ಇದೆ, ನಾವು ಅದನ್ನು ಕಿತ್ತು ಹಾಕಬಾರದು. ಅದೇ ಅಧ್ಯಾಯದಲ್ಲಿ ಮುಂದೆ ಗೋಪುರ ಕಟ್ಟುವವನ ಸಾಮತಿ (ದೃಷ್ಟಾಂತ) ಬರುತ್ತದೆ. ಶುರು ಮಾಡುವ ಮೊದಲು ಕೂತು ಖರ್ಚು ಲೆಕ್ಕ ಹಾಕು ಅನ್ನುತ್ತದೆ ಅದು. ಖರ್ಚು ನಿಜವಾಗಿ ಬರುವುದು ಯಾವಾಗ? ಅಣ್ಣಂದಿರೆಲ್ಲ ಸೇರಿ, ತಂಗಿಗೆ ಪಾಲು ಬೇಡ, ನೀನೂ ಸಹಿ ಹಾಕು ಅಂದಾಗ. ಮಗನ ಮದುವೆಗೆ ಎಷ್ಟು ಪವನು ಚಿನ್ನ ಬರುತ್ತದೆ ಎಂದು ಮನೆಯಲ್ಲಿ ಮಾತು ಎದ್ದಾಗ. ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ ಎಂದು ನಾವು ಬಾಯಿ ಮುಚ್ಚಿ ಕೂರುತ್ತೇವಲ್ಲ, ಅಲ್ಲಿ ಮನೆಯವರು ದೇವರಿಗಿಂತ ಮೇಲಾದರು. ನೀವು ಗಂಜಿ ಕುಡಿಸುವಾಗ ಅಲ್ಲ.

ಪ್ರೀತಿಗೂ ಒಂದು ಕ್ರಮ ಇದೆ ಎಂದು ಉತ್ತರ ಆಫ್ರಿಕದ ಸಂತ ಅಗಸ್ಟೀನರು ಹೇಳುತ್ತಿದ್ದರು. ನಮಗೆ ಅದು ಪುಸ್ತಕದಿಂದ ಬರಬೇಕಾಗಿಲ್ಲ, ಮೊಂತಿ ಫೆಸ್ತಿನಲ್ಲೇ (ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆಹಬ್ಬ) ಇದೆ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂವು ಹಾಕುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ಭತ್ತದ ತೆನೆ ಮೊದಲು ಹೋಗುವುದು ಇಗರ್ಜಿಗೆ. ಆದರೆ ಅದು ಅಲ್ಲೇ ಉಳಿಯುವುದಿಲ್ಲ ಅಲ್ವಾ? ಫಾದರ್ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಕೊಡುತ್ತಾರೆ. ಊರಲ್ಲಿ ಇಲ್ಲದವರಿಗೆ ಲಕೋಟೆಯಲ್ಲಿ ಇಟ್ಟು ಮುಂಬೈಗೆ, ಗಲ್ಫಿಗೆ ಕಳಿಸುತ್ತಾರೆ. ದೇವರಿಗೆ ಮೊದಲು ಕೊಟ್ಟದ್ದರಿಂದ ಯಾರ ಪಾಲೂ ಕಡಿಮೆಯಾಗಲಿಲ್ಲ. ಸಂಜೆಯ ತೆರ್ಸ್ (ಜಪಮಾಲೆ ಪ್ರಾರ್ಥನೆ) ಕೂಡ ಹಾಗೆಯೇ. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ತಿರುಗುವುದು ಮನೆಯ ಹಿರಿಯರ ಕಡೆಗೆ, ಬೆಸಾಂವ್, ಅಂದರೆ ಆಶೀರ್ವಾದ, ಕೇಳಲು. ನಿಮ್ಮ ಮನೆಯಲ್ಲಿ ಅದನ್ನು ಕೊಡಬೇಕಾದವರು ಹಾಸಿಗೆಯಲ್ಲಿ ಮಲಗಿರುವ ಆ ಅತ್ತೆಯೇ.

ಬೇಳದ ಇಗರ್ಜಿ ನಿಮಗೆ ಗೊತ್ತೇ ಇರುತ್ತದೆ, 1890ರದ್ದು, ಶೋಕಮಾತೆಗೆ ಅರ್ಪಿಸಿದ್ದು. ಶೋಕಮಾತೆ ಅಂದರೆ ಶಿಲುಬೆಯ ಬುಡದಲ್ಲಿ ನಿಂತ ತಾಯಿ. ತಂದೆಯ ಚಿತ್ತವೇ ಮೊದಲು ಎಂದು ಶಿಲುಬೆಯವರೆಗೆ ಹೋದ ಮಗ, ಅಲ್ಲಿ ನೇತಾಡುತ್ತಿರುವಾಗಲೂ ತನ್ನ ಶಿಷ್ಯನಿಗೆ ‘ಇಗೋ ನಿನ್ನ ತಾಯಿ’ ಅಂದ. ಅಮ್ಮನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿಯೇ ಹೋದ.

ಈಗ ಕೆಲಸದ ಮಾತು. ಭಾನುವಾರದ ಪೂಜೆ ಕಡ್ಡಾಯ ಎಂದು ಹೇಳುವ ಧರ್ಮಸಭೆಯೇ ಗಂಭೀರ ಕಾರಣ ಇದ್ದವರಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಕಾಯಿಲೆ, ಹಸುಗೂಸಿನ ಆರೈಕೆ ಅದಕ್ಕೆ ಉದಾಹರಣೆ. ಹಾಗಾಗಿ ಪೂಜೆ ತಪ್ಪಿತು ಎಂದು ಕೊರಗಬೇಡಿ. ಆದರೆ ಸುಲಭವಾಗಿ ಹೋಗಲು ಸಾಧ್ಯವಾದ ವಾರ ಹೋಗಿ, ಅತ್ತೆಯನ್ನು ನೆಪ ಮಾಡಿಕೊಳ್ಳಬೇಡಿ. ವಾಡೆಯ (ಇಗರ್ಜಿಯ ವಾರ್ಡಿನ) ಗುರಿಕಾರರಿಗೆ ಒಂದು ಮಾತು ಹೇಳಿಡಿ, ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು. ಅವರು ಫಾದರಿಗೆ ತಿಳಿಸುತ್ತಾರೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮನೆಗೇ ಬರುತ್ತದೆ. ಅತ್ತೆಯ ಜೊತೆ ನೀವೂ ಸ್ವೀಕರಿಸಬಹುದು. ಅದನ್ನು ಸ್ವೀಕರಿಸುವ ಮೊದಲು ಒಂದು ಗಂಟೆ ಏನೂ ತಿನ್ನಬಾರದು ಎಂಬ ನಿಯಮ ಇದೆಯಲ್ಲ, ಅದು ಕಾಯಿಲೆಯವರಿಗೂ ಇಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಫಾದರ್ ಬರುವ ಹೊತ್ತಿಗೆ ನೀವು ಚಾ ಕುಡಿದಿದ್ದರೂ ತೊಂದರೆ ಇಲ್ಲ.