ಕಾಮಿಕ್ಸ್‌ನ ಅಸಲಿ ಚಿತ್ರ ಯಾರದ್ದು?

ಕಲಬುರಗಿ ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದ ಅವರ ದೇವರ ಚಿತ್ರಗಳು ಎಷ್ಟೋ ಮನೆಗಳ ಗೋಡೆ ಮೇಲಿದ್ದವು. ಆದರೆ ಅವೆಲ್ಲ ಅಚ್ಚಾದ ಪ್ರತಿ. ಕೈಯಾರೆ ಬಣ್ಣ ಹಚ್ಚಿದ ಅಸಲಿ ಎಲ್ಲಿ ಹೋಯ್ತು ಅಂತ ಯಾರು ಕೇಳುತ್ತಾರೆ? ಕಾಮಿಕ್ಸ್ ಮತ್ತು ಮಕ್ಕಳ ಪತ್ರಿಕೆಗಳ ಚಿತ್ರಗಳಿಗೂ ಆಗಿದ್ದು ಇದೇ.

1947ರಲ್ಲಿ ಮದ್ರಾಸಿನಲ್ಲಿ ಶುರುವಾದ ಚಂದಮಾಮ ನೆನಪಿದೆ ಅಲ್ವಾ? ಎಂ.ಟಿ.ವಿ. ಆಚಾರ್ಯರ ಮುಖಪುಟ, ಶಂಕರ್ ಅವರ ವಿಕ್ರಮ ಬೇತಾಳ. ಅಂಥ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದು, ಅಚ್ಚಿಗೆ ಬೇಕಾದ ಬ್ಲಾಕೋ ಪ್ಲೇಟೋ ಮಾಡಿ, ಪುಸ್ತಕ ಅಂಗಡಿಗೆ ಹೋದರೆ ಪ್ರೆಸ್ಸಿನ ಕೆಲಸ ಮುಗಿಯಿತು. ಮುಂದೆ ಆ ಹಾಳೆಯನ್ನು ಜೋಪಾನ ಮಾಡುವುದು ಯಾರ ಕೆಲಸವೂ ಅಲ್ಲ.

ಅಮೆರಿಕದಲ್ಲೂ ಹೀಗೇ ಇತ್ತು. ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಗೆ ಸಾವಿರಾರು ಪುಟ ಬರೆದ ಜ್ಯಾಕ್ ಕರ್ಬಿ ತಮ್ಮದೇ ಹಾಳೆಗಳಿಗಾಗಿ ವರ್ಷಗಟ್ಟಲೆ ಜಗಳ ಮಾಡಬೇಕಾಯಿತು. ಕೊನೆಗೆ 1987ರಲ್ಲಿ ವಾಪಸ್ ಬಂದದ್ದು ಸುಮಾರು 2,000 ಪುಟ, ಬಹಳಷ್ಟು ಬರಲೇ ಇಲ್ಲ. ಈಗ ನೋಡಿ, ಟಿನ್‌ಟಿನ್ ಕಾಮಿಕ್ಸ್ ಪುಸ್ತಕವೊಂದರ ಮುಖಪುಟಕ್ಕೆ ಅದರ ಕಲಾವಿದ ಎರ್ಜೆ 1936ರಲ್ಲಿ ಬರೆದು, ಅಚ್ಚಿಗೆ ಖರ್ಚು ಜಾಸ್ತಿ ಅಂತ ಬದಿಗಿಟ್ಟಿದ್ದ ಚಿತ್ರ 2021ರಲ್ಲಿ ಪ್ಯಾರಿಸ್ ಹರಾಜಿನಲ್ಲಿ 30 ಲಕ್ಷ ಯೂರೋ ದಾಟಿತು.

ದುಡ್ಡಿನ ಮಾತು ಬಿಡಿ, ಅಸಲಿ ಹಾಳೆಯನ್ನು ಹತ್ತಿರದಿಂದ ನೋಡಿದರೆ ಈ ಹುಚ್ಚು ಯಾಕೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಅಚ್ಚಿಗಿಂತ ದೊಡ್ಡದು. ಇಂಕಿನ ಕೆಳಗೆ ಪೆನ್ಸಿಲ್ ಗೆರೆ ಇಣುಕುತ್ತದೆ, ತಪ್ಪಿದ ಮೂಗಿನ ಮೇಲೆ ಬಿಳಿ ಬಣ್ಣ ಬಳಿದಿರುತ್ತದೆ, ಮಾತು ಬರೆದ ಚೀಟಿ ಅಂಟಿಸಿದ ಕಡೆ ಗೋಂದು ಹಳದಿಗಟ್ಟಿರುತ್ತದೆ. ಕಲಾವಿದ ಎಲ್ಲಿ ತಡವರಿಸಿದ, ಎಲ್ಲಿ ಕೈ ಸಲೀಸಾಗಿ ಓಡಿತು ಅನ್ನುವುದೆಲ್ಲ ಕಾಣುತ್ತದೆ. ಹಳೇ ಅಚ್ಚಿನ ಮೇಲೆ ಭೂತಗನ್ನಡಿ ಹಿಡಿದರೆ ಬರೀ ಬಣ್ಣದ ಚುಕ್ಕೆ. ಕೊಳ್ಳುವ ಮುಂಚೆ ಇದನ್ನು ನೋಡಲೇಬೇಕು.

ಇನ್ನೊಂದು ವಿಷಯ. ಹಾಳೆ ಕೊಂಡರೆ ಹಾಳೆ ಮಾತ್ರ ನಿಮ್ಮದು, ಅದನ್ನು ಅಚ್ಚು ಹಾಕಿ ಮಾರುವ ಹಕ್ಕು ಬರುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 53ಎ ಕಲಮಿನ ಪ್ರಕಾರ ಅಸಲಿ ಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೂ ಪಾಲಿದೆ, ಗರಿಷ್ಠ ಶೇ. 10. ಆದರೆ ಆ ಚಿತ್ರದ ಹಕ್ಕಿಗೆ ಕಲಾವಿದರೇ ಮೊದಲ ಮಾಲೀಕರಾಗಿರಬೇಕು. ಸಂಬಳಕ್ಕಿದ್ದು ಬರೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ಕಂಪನಿಯೇ ಮೊದಲ ಮಾಲೀಕ. ಹಾಗಾಗಿ ದಶಕಗಟ್ಟಲೆ ಪ್ರೆಸ್ಸಿನಲ್ಲಿ ಕೂತು ನಮ್ಮ ಬಾಲ್ಯಕ್ಕೆ ಬಣ್ಣ ಹಚ್ಚಿದವರ ಮನೆಯವರಿಗೆ ಈ ಪಾಲು ಸಿಗುವುದು ಕಷ್ಟವಾಗಬಹುದು, ಇದು ನನಗೆ ಅನ್ಯಾಯ ಅನ್ನಿಸುತ್ತದೆ.