ವೀಡಿಯೋ ನೋಡಿದರೆ ಪಾಠ ತಲೆಗೆ ಹತ್ತುತ್ತದೆಯೇ?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆನ್‌ಲೈನ್ ಕಲಿಕೆಯ ಬಗ್ಗೆ ಮಾತಾಡುವ ಎಲ್ಲರೂ ಅದನ್ನು ತಿಳಿದಿರಬೇಕು ಅಂತ ನನಗನ್ನಿಸುತ್ತದೆ. ಅವರು ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಚಿಕ್ಕ ಬರಹ ಕೊಟ್ಟರು. ಒಂದು ಗುಂಪು ನಾಲ್ಕೂ ಸರದಿಯಲ್ಲಿ ಅದನ್ನೇ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿತು. ಉಳಿದ ಮೂರು ಸರದಿಯಲ್ಲಿ ಬರಹವನ್ನು ನೋಡದೆ, ನೆನಪಿಗೆ ಬಂದದ್ದನ್ನೆಲ್ಲ ಕಾಗದದ ಮೇಲೆ ಬರೆಯಿತು.

ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದಿದ್ದರು. ಅವರಿಗೆ ಶೇಕಡಾ 83ರಷ್ಟು ವಿಷಯ ನೆನಪಿತ್ತು, ಬರೆದವರಿಗೆ ಶೇಕಡಾ 71. ಆದರೆ ಒಂದು ವಾರ ಬಿಟ್ಟು ಪರೀಕ್ಷೆ ಬರೆದವರಲ್ಲಿ ಲೆಕ್ಕ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ 61. ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ‘ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ?’ ಅಂತ ಮೊದಲೇ ಕೇಳಿದಾಗ, ಜಾಸ್ತಿ ಭರವಸೆ ಇದ್ದದ್ದು ಬರೀ ಓದಿದವರಿಗೆ! ಓದು ಸಲೀಸಾಗಿ ಸಾಗಿದರೆ ಕಲಿತೆವು ಅನ್ನಿಸುತ್ತದೆ. ನೆನಪಿಸಿಕೊಳ್ಳಲು ತಿಣುಕಾಡಿದರೆ ಏನೂ ಬರಲಿಲ್ಲ ಅನ್ನಿಸುತ್ತದೆ. ಎರಡೂ ಅನಿಸಿಕೆಗಳು ನಮ್ಮನ್ನು ದಾರಿ ತಪ್ಪಿಸುತ್ತವೆ.

ಈಗ ವೀಡಿಯೋ ಪಾಠದ ವಿಷಯಕ್ಕೆ ಬರೋಣ. ಸಲೀಸು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ನುರಿತ ಪ್ರಾಧ್ಯಾಪಕರು, ಸ್ಪಷ್ಟ ದನಿ, ಅಂದವಾದ ಚಿತ್ರಗಳು. ಎಲ್ಲೂ ತಡವರಿಕೆ ಇಲ್ಲ. ನೋಡುತ್ತಾ ನೋಡುತ್ತಾ ತಲೆ ತಾನಾಗಿಯೇ ಹೌದು ಹೌದು ಎನ್ನುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಬಹುದು. ಅಂದರೆ, ಪ್ರಯೋಗದಲ್ಲಿ ಮೊದಲ ಗುಂಪು ಮಾಡಿದ್ದನ್ನೇ ನಾವು ಪರದೆಯ ಮುಂದೆ ಮಾಡುತ್ತಿರುತ್ತೇವೆ.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಆನ್‌ಲೈನ್ ಕೋರ್ಸೊಂದಕ್ಕೆ ಜಗತ್ತಿನ ಎಲ್ಲ ಕಡೆಯಿಂದ ಸುಮಾರು 1,60,000 ಜನ ಹೆಸರು ಕೊಟ್ಟಾಗ ಇದರ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ. ಮರುವರ್ಷವೇ ಆನ್‌ಲೈನ್ ಕೋರ್ಸುಗಳ ತಾಣವಾದ ಕೋರ್ಸೆರಾ ಬಂತು. ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಸೇರಿ ಅಂಥದ್ದೇ ತಾಣ ಎಡೆಕ್ಸ್ ಶುರು ಮಾಡಿದವು. ಕಾಲೇಜುಗಳ ಕಾಲವೇ ಮುಗಿಯಿತು ಎನ್ನುವ ಮಾತುಗಳೂ ಕೇಳಿಬಂದವು. 2014ರಲ್ಲಿ ಎಂಐಟಿ ಮತ್ತು ಹಾರ್ವರ್ಡ್ ತಮ್ಮ ಮೊದಲ 17 ಕೋರ್ಸುಗಳ ಲೆಕ್ಕ ಪ್ರಕಟಿಸಿದವು. ಒಟ್ಟು ನೋಂದಣಿ 8,41,687. ಪ್ರಮಾಣಪತ್ರ ಪಡೆದವರು 43,196, ಅಂದರೆ ಶೇಕಡಾ 5ರ ಆಸುಪಾಸು.

ಈ ಅಂಕಿ ತೋರಿಸಿ ಆನ್‌ಲೈನ್ ಶಿಕ್ಷಣವೇ ಸೋತಿತು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಆ ನೋಂದಣಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಜನ ಒಂದು ಪಾಠವನ್ನೂ ತೆರೆದಿರಲಿಲ್ಲ. ಪುಕ್ಕಟೆ ಇರುವಾಗ ಸುಮ್ನೆ ಹೆಸರು ಬರೆಸಿ ಹೋಗುವವರು ಇದ್ದೇ ಇರುತ್ತಾರೆ, ಅಲ್ವಾ? ಬೇಕಾದ ಒಂದೆರಡು ಪಾಠ ನೋಡಿ ಹೊರಟವರನ್ನು ಸೋತವರು ಅನ್ನುವುದೂ ಸರಿಯಲ್ಲ. ಎಷ್ಟು ಜನ ಮುಗಿಸಿದರು ಅನ್ನುವುದಕ್ಕಿಂತ, ಕೂತು ನೋಡಿದವರಿಗೆ ಏನು ದಕ್ಕಿತು ಅನ್ನುವುದೇ ನನಗೆ ಮುಖ್ಯ.

ಅದಕ್ಕೆ ಉತ್ತರ ಹುಡುಕಲು ಈ ಕೋರ್ಸುಗಳೇ ದಾರಿ ಮಾಡಿಕೊಟ್ಟವು. ಯಾರು ಎಲ್ಲಿ ನಿಲ್ಲಿಸಿದರು, ಯಾವ ಪ್ರಶ್ನೆಗೆ ಏನು ಉತ್ತರಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಎಡೆಕ್ಸ್‌ನಲ್ಲಿ ಜನ ವೀಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಜಾಲಾಡಿದ 2014ರ ಅಧ್ಯಯನಕ್ಕೆ ಒಂದು ಸಂಗತಿ ಕಾಣಿಸಿತು. ವೀಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯ ವೀಕ್ಷಕರು ಆರು ನಿಮಿಷಕ್ಕಿಂತ ಹೆಚ್ಚು ಕೂರುತ್ತಿರಲಿಲ್ಲ. ಇದನ್ನು ಓದಿದವರು ಪಾಠಗಳನ್ನು ತುಂಡು ಮಾಡಿ ಹಾಕಿದರು. ಒಳ್ಳೆಯದೇ. ಆದರೆ ತುಂಡುಗಳ ನಡುವೆ ಏನಿಟ್ಟರು?

ಹಾರ್ವರ್ಡ್‌ನ ಕಾರ್ಲ್ ಸ್ಪುನಾರ್ ಮತ್ತು ಸಂಗಡಿಗರು 2013ರಲ್ಲಿ ಪರೀಕ್ಷಿಸಿದ್ದು ಇದನ್ನೇ. 21 ನಿಮಿಷಗಳ ಸಂಖ್ಯಾಶಾಸ್ತ್ರದ ವೀಡಿಯೋವನ್ನು ನಾಲ್ಕು ಭಾಗ ಮಾಡಿದರು. ಕೆಲವರಿಗೆ ಪ್ರತಿ ಭಾಗದ ನಂತರ ಆಗತಾನೇ ನೋಡಿದ್ದರ ಮೇಲೆ ಪುಟ್ಟ ಪರೀಕ್ಷೆ ಇಟ್ಟರು, ಉಳಿದವರಿಗೆ ಇಡಲಿಲ್ಲ. ನಡುನಡುವೆ ‘ಈಗ ಮನಸ್ಸು ಎಲ್ಲಿದೆ?’ ಅಂತ ಕೇಳಿದಾಗ, ಪರೀಕ್ಷೆ ಇಲ್ಲದವರ ಮನಸ್ಸು ಶೇಕಡಾ 41ರಷ್ಟು ಸಲ ಬೇರೆಲ್ಲೋ ಇತ್ತು. ಪರೀಕ್ಷೆ ಬರೆದವರಲ್ಲಿ ಅದು ಶೇಕಡಾ 19ಕ್ಕೆ ಇಳಿಯಿತು. ಕೊನೆಯ ಪರೀಕ್ಷೆಯಲ್ಲೂ ಇವರದೇ ಮೇಲುಗೈ. ಪಾಠ ಅದೇ, ಕಲಿಸಿದವರೂ ಅವರೇ.

ಆನ್‌ಲೈನ್ ಮನೋವಿಜ್ಞಾನ ಕೋರ್ಸೊಂದರ ದಾಖಲೆಗಳನ್ನು ನೋಡಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇನ್ನೂ ದೊಡ್ಡ ಅಂತರ ಕಂಡರು. ಅಭ್ಯಾಸದ ಪ್ರಶ್ನೆಗಳನ್ನು ಮಾಡುವುದರಿಂದ ಕಲಿಕೆಗೆ ಆದ ಲಾಭ, ವೀಡಿಯೋ ನೋಡುವುದರಿಂದ ಆದ ಲಾಭಕ್ಕಿಂತ ಸುಮಾರು 6 ಪಟ್ಟು ಇತ್ತು. ಶ್ರದ್ಧೆ ಇರುವವರೇ ಪ್ರಶ್ನೆಗಳನ್ನೂ ಮಾಡುತ್ತಾರೆ ಎಂಬ ಅನುಮಾನ ಇಲ್ಲಿ ಸಹಜ. ಆದರೆ ಮೇಲಿನ ಎರಡೂ ಪ್ರಯೋಗಗಳು ಅದೇ ದಿಕ್ಕು ತೋರುವುದರಿಂದ ನಾನಿದನ್ನು ನಂಬುತ್ತೇನೆ.

ಈಗ ಎಐ ಬಂದಿದೆ. ಅಲ್ಲೂ ಕತೆ ಬೇರೆಯಲ್ಲ. ಟರ್ಕಿಯ ಪ್ರೌಢಶಾಲೆಯೊಂದರ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗದಲ್ಲಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್‌ಬಾಟ್ ಬಳಸಿದ ಮಕ್ಕಳು ಅಭ್ಯಾಸದ ಲೆಕ್ಕಗಳನ್ನು ಚೆನ್ನಾಗಿ ಮಾಡಿದರು. ಪರೀಕ್ಷೆಯಲ್ಲಿ ಅದನ್ನು ಕಿತ್ತುಕೊಂಡಾಗ, ಚಾಟ್‌ಬಾಟ್ ಇಲ್ಲದೆ ಕಲಿತವರಿಗಿಂತ ಹಿಂದೆ ಬಿದ್ದರು. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಯಲ್ಲಿ ಮಾತ್ರ, ಉತ್ತರವನ್ನು ಒಮ್ಮೆಲೇ ಕೊಡದೆ ಒಂದೊಂದೇ ಹೆಜ್ಜೆ ಹಾಕಿಸುವಂತೆ ರೂಪಿಸಿದ ಎಐ ಬೋಧಕನಿಂದ ವಿದ್ಯಾರ್ಥಿಗಳು ಕಡಿಮೆ ಸಮಯದಲ್ಲಿ ಜಾಸ್ತಿ ಕಲಿತರು.

ಹಾಗಾಗಿ ಕ್ಯಾಮೆರಾ, ಸ್ಟುಡಿಯೋಗಳಿಗೆ ಹಣ ಸುರಿದು, ಪ್ರಶ್ನೆಗಳನ್ನು ಕೊನೆಯ ದಿನ ಅವಸರದಲ್ಲಿ ಬರೆದ ಕೋರ್ಸುಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಳ್ಳೆಯ ಪ್ರಶ್ನೆ ಬರೆಯಬೇಕಾದರೆ, ಕಲಿಯುವವರು ಎಲ್ಲಿ ಎಡವುತ್ತಾರೆ ಎಂದು ಗೊತ್ತಿರಬೇಕು. ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿಗೆ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು ಎಂದು ಕೇಳಿ. ಬಹಳ ಜನ ಸೊನ್ನೆ ಅನ್ನುತ್ತಾರೆ. ಅಲ್ಲಿ ಸೊನ್ನೆಯಾಗುವುದು ವೇಗ. ವೇಗೋತ್ಕರ್ಷ ಆಗಲೂ ಸೆಕೆಂಡಿಗೆ 9.8 ಮೀಟರ್ ಪ್ರತಿ ಸೆಕೆಂಡ್, ದಿಕ್ಕು ನೆಲದ ಕಡೆಗೆ. ಈ ತಪ್ಪು ಉತ್ತರ ಸಾವಿರ ಸಲ ಬಂದಿದ್ದನ್ನು ದಾಖಲೆಯಲ್ಲಿ ನೋಡಿದ ಶಿಕ್ಷಕರು ‘ತಪ್ಪು, ಮತ್ತೊಮ್ಮೆ ವೀಡಿಯೋ ನೋಡಿ’ ಅಂತ ಹಾಕಬೇಕಿಲ್ಲ. ಸೊನ್ನೆ ಎಂದು ಒತ್ತಿದವರಿಗೆ ಮಾತ್ರ ಇನ್ನೊಂದು ಪ್ರಶ್ನೆ ಕಾಣುವಂತೆ ಮಾಡಬಹುದು: ಆ ಕ್ಷಣದಲ್ಲಿ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಎಂದಾದರೆ, ಚೆಂಡು ಕೆಳಗೆ ಬರುವುದಾದರೂ ಹೇಗೆ?