ಸೊಪ್ಪಿನ ಸತ್ವ: ಗೊಬ್ಬರದ ಪಾಲೆಷ್ಟು, ಬಿಸಿಲಿನ ಪಾಲೆಷ್ಟು

ಯೂರಿಯಾ ಹಾಕಿದ ಸೊಪ್ಪಿನಲ್ಲಿ ಸತ್ವವಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. 1932ರಲ್ಲಿ ವಿಟಮಿನ್ ಸಿ ಯಾವ ವಸ್ತುವೆಂದು ಖಚಿತವಾಗಿ, ಅದನ್ನು ಅಳೆಯುವುದು ಸುಲಭವಾದ ಮೇಲೆ ಈ ಮಾತಿನ ಪರೀಕ್ಷೆಯೂ ಶುರುವಾಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಟರ್ನಿಪ್ ಸೊಪ್ಪನ್ನು ಹಲವು ಊರುಗಳಲ್ಲಿ, ಬೇರೆ ಬೇರೆ ಗೊಬ್ಬರ ಕೊಟ್ಟು ಬೆಳೆದು ನೋಡಿದರು. 1943ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಯೂರಿಯಾದಂಥ ಗೊಬ್ಬರದಿಂದ ಬರುವ ಸಾರಜನಕ ಹೆಚ್ಚಿದರೆ ವಿಟಮಿನ್ ಸಿ ತುಸು ಇಳಿಯುತ್ತದೆ ನಿಜ. ಆದರೆ ಊರಿಂದ ಊರಿಗೆ ಹವೆಯಿಂದಾಗುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು.

1993ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಮೊಝಾಫರ್ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಇನ್ನೊಂದು ಮುಖ ಕಂಡಿತು: ಸಾರಜನಕ ಹೆಚ್ಚಾದಾಗ ವಿಟಮಿನ್ ಸಿ ಕುಗ್ಗಿದರೂ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು) ಮತ್ತು ವಿಟಮಿನ್ ಬಿ1 ಸಾಮಾನ್ಯವಾಗಿ ಏರುತ್ತವೆ. ಎಲೆಯ ಹಸಿರು ಗಾಢವಾದಷ್ಟೂ ಅದರ ಜೊತೆಗಿರುವ ಕ್ಯಾರೋಟಿನ್ ಕೂಡ ಹೆಚ್ಚುತ್ತದೆ. ವಿಟಮಿನ್ ಸಿ ತಯಾರಾಗುವುದು ಸಕ್ಕರೆಯಿಂದ. ಸಾರಜನಕ ಅತಿಯಾದರೆ ಆ ಸಕ್ಕರೆ ಪ್ರೋಟೀನು ಕಟ್ಟಲು ಹೋಗುತ್ತದೆ, ಎಲೆಯಲ್ಲಿ ನೀರಿನಂಶ ಏರುತ್ತದೆ, ಒತ್ತಾಗಿ ಬೆಳೆದ ಮೇಲಿನೆಲೆಗಳು ಕೆಳಗಿನವಕ್ಕೆ ನೆರಳು ಕವಿಸುತ್ತವೆ. ಹೀಗೆ ಒಂದು ಇಳಿದರೂ ಇನ್ನೊಂದು ಏರುವುದರಿಂದ "ಗೊಬ್ಬರದ ಸೊಪ್ಪು ಸತ್ವಹೀನ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ತಪ್ಪು.

ನೈಟ್ರೇಟ್, ಅಂದರೆ ಬೇರು ಮಣ್ಣಿನಿಂದ ಹೀರುವ ಸಾರಜನಕದ ಒಂದು ರೂಪ, ತಿನ್ನುವ ಎಲೆಯಲ್ಲಿ ಅತಿಯಾಗಿ ಉಳಿಯಬಾರದು; ಈ ವಿಷಯದಲ್ಲೂ ಬೆಳಕಿನದೇ ಮೇಲುಗೈ. ಬೇರು ಹೀರಿದ ನೈಟ್ರೇಟನ್ನು ಎಲೆ ಬಳಸಿಕೊಳ್ಳಲು ಬೆಳಕು ಬೇಕು. ಮೋಡ ಕವಿದರೆ ಅದು ಎಲೆಯಲ್ಲೇ ಉಳಿದುಬಿಡುತ್ತದೆ. ಯುರೋಪಿನಲ್ಲಿ ಹಸಿರುಮನೆಯ ಲೆಟಿಸ್‌ಗೆ ಬೇಸಿಗೆಯ ನೈಟ್ರೇಟ್ ಮಿತಿ ಕಿಲೋಗೆ 4000 ಮಿಲಿಗ್ರಾಂ ಇದ್ದರೆ, ಬೆಳಕು ಕಡಿಮೆಯಿರುವ ಚಳಿಗಾಲಕ್ಕೆ 5000 ಇಟ್ಟಿರುವುದು ಇದೇ ಕಾರಣಕ್ಕೆ.

ಯೂರಿಯಾದಲ್ಲಿ ಸಾರಜನಕ ಶೇ 46. 45 ಕಿಲೋ ಚೀಲವೊಂದರಲ್ಲಿ ಸುಮಾರು 20.7 ಕಿಲೋ. ಇದನ್ನು ಲೆಕ್ಕ ಹಾಕಿ, ಬೆಳೆಗೆ ಬೇಕಾದ ಸಾರಜನಕದಲ್ಲಿ ಹಾಕಿದ ಕೊಟ್ಟಿಗೆ ಗೊಬ್ಬರದ ಪಾಲನ್ನೂ ಕಳೆದು, ಉಳಿದದ್ದನ್ನು ಕಂತುಗಳಲ್ಲಿ ಕೊಡಬೇಕು. ಕೊಯ್ಲು ಹತ್ತಿರ ಬಂದಾಗ, ಅದರಲ್ಲೂ ಮೋಡದ ವಾರದಲ್ಲಿ, ಮೇಲುಗೊಬ್ಬರ ಬೇಡವೇ ಬೇಡ. ಹರಿವೆ, ಮೆಂತ್ಯವನ್ನು ತೀರಾ ಒತ್ತಾಗಿ ಬಿತ್ತಿದರೆ ಕೆಳಗಿನೆಲೆ ಹಳದಿಯಾಗುತ್ತದೆ. ದಿನವಿಡೀ ಬಿಸಿಲುಂಡ ಸೊಪ್ಪಿನಲ್ಲಿ ನೈಟ್ರೇಟ್ ಕಡಿಮೆ, ಆದ್ದರಿಂದ ಸಂಜೆಯ ಕೊಯ್ಲು ಒಳ್ಳೆಯದು. ಕೊಯ್ದ ಕೂಡಲೇ ನೆರಳಿಗೆ ತಂದು ಒದ್ದೆ ಗೋಣಿ ಹೊದಿಸಬೇಕು. ಬಾಡಿದ ಎಲೆ ವಿಟಮಿನ್ ಸಿ ಅನ್ನು ಬೇಗ ಕಳೆದುಕೊಳ್ಳುತ್ತದೆ.

ಅಡುಗೆಮನೆಯಲ್ಲಿ ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಬೇಯಿಸಿದ ನೀರಿಗೆ ಫೋಲೇಟ್ ಎಂಬ ಬಿ ವಿಟಮಿನ್ ಇಳಿದಿರುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಆ ನೀರು ಚರಂಡಿ ಸೇರುವುದಿಲ್ಲ.